ಹಿಮದ ಕಣಿವೆಗೆ ಒಯ್ದ ನಾಲ್ಕು ಐಸ್ ಪ್ಯಾಕ್

ಲಸಿಕೆಯ ಡಬ್ಬಿಯನ್ನು ಮೂವತ್ತನಾಲ್ಕು ವರ್ಷ ಹೊತ್ತೆ. ಹೊಸದಾಗಿ ನರ್ಸ್ ಕೆಲಸಕ್ಕೆ ಸೇರುವ ಹುಡುಗಿಯರು ಧಾರವಾಡದ ನಮ್ಮ ಮನೆಗೆ ಬಂದಾಗ ಬಡ್ತಿ ಯಾವಾಗ, ವರ್ಗಾವಣೆ ಹೇಗೆ ಎಂದು ಕೇಳುತ್ತಾರೆ. ಅವೆಲ್ಲ ಆದೇಶದ ಕಾಗದದಲ್ಲಿರುತ್ತವೆ, ಅಲ್ಲೇ ಓದಿಕೊಳ್ಳಲಿ. ಕಾಗದದಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ. ಅದರಲ್ಲೂ ನನ್ನ ಕೆಲಸದ ಅತಿ ದೊಡ್ಡ ತಪ್ಪನ್ನು ಬರೆಯಬೇಕಾಗಿದೆ. ಅದು ಧಾರವಾಡದಲ್ಲಿ ಆದದ್ದಲ್ಲ. ಆದರೆ ಧಾರವಾಡದಲ್ಲಿ ಕಲಿತವಳು ಮಾತ್ರ ಮಾಡಬಹುದಾದ ತಪ್ಪು ಅದು.

ಹುಬ್ಬಳ್ಳಿಯ ಒಂದು ಸೇವಾ ಸಂಸ್ಥೆಯ ಆಸ್ಪತ್ರೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಇಪ್ಪತ್ತೆರಡು ವರ್ಷದವಳು. ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು ನನ್ನ ಪಾಲಿಗೆ ಬಂತು. ನನಗೆ ಕೆಲಸ ಕಲಿಸಿದವರು ಹಿರಿಯ ಸಿಸ್ಟರ್ ಕಮಲಾಬಾಯಿ. ಅವರ ಕೈಗಡಿಯಾರ ಐದು ನಿಮಿಷ ಮುಂದೆ ಇರುತ್ತಿತ್ತು. ನಮ್ಮೆಲ್ಲರ ಗಡಿಯಾರಗಳೂ ಹಾಗೇ ಇರಬೇಕಿತ್ತು. ಲಸಿಕೆ ಒಯ್ಯುವ ನೀಲಿ ಡಬ್ಬಿಯ ಒಳಗೆ ನಾಲ್ಕು ಬದಿಗೂ ನಾಲ್ಕು ಐಸ್ ಪ್ಯಾಕ್ ಇಡಬೇಕು, ನಡುವೆ ಲಸಿಕೆಯ ಶೀಶೆಗಳು. ಬಿಸಿಲು ತಾಗಿದರೆ ಲಸಿಕೆ ಸತ್ತಂತೆ.

"ಡಬ್ಬಿ ತಣ್ಣಗಿದ್ದರ ನಿನ್ನ ತಲಿ ತಣ್ಣಗ ಇರ್ತದ. ಡಬ್ಬಿ ಬಿಸಿ ಆತೋ, ನನ್ನ ತಲಿ ಬಿಸಿ ಆಗ್ತದ" ಎನ್ನುತ್ತಿದ್ದರು.

ಚೈತ್ರ ವೈಶಾಖದ ಬಿಸಿಲಿನಲ್ಲಿ ಉಪ್ಪಿನಬೆಟಗೇರಿ, ಗರಗದ ಕಡೆ ಬಸ್ಸಿಳಿದು ಹೊಲದ ದಾರಿ ಹಿಡಿಯುತ್ತಿದ್ದೆವು. ತಲೆಯ ಮೇಲಿನ ಸೆರಗು ಕಾದು ಹಪ್ಪಳವಾಗುತ್ತಿತ್ತು. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಡಬ್ಬಿಗೆ ಹಾಕಬಾರದು, ಸ್ವಲ್ಪ ಹೊತ್ತು ಹೊರಗಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರಿನ ಸಪ್ಪಳ ಕೇಳಿದ ಮೇಲೆ ಹಾಕಬೇಕು ಎಂದು ಪುಸ್ತಕದಲ್ಲಿತ್ತು. ನಾವು ಅದನ್ನು ಓದಿ ನಕ್ಕು ಬಿಟ್ಟಿದ್ದೆವು. ನಮ್ಮ ಬಿಸಿಲಿಗೆ ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಅದು ತಾನೇ ಸಪ್ಪಳ ಮಾಡುತ್ತಿತ್ತು. ಅಷ್ಟು ವರ್ಷಗಳಲ್ಲಿ ನನ್ನ ಡಬ್ಬಿಯ ಒಂದು ಶೀಶೆಯೂ ಬಿಸಿಯಾಗಿ ಕೆಡಲಿಲ್ಲ. ಅದರ ಬಗ್ಗೆ ನನಗೆ ಜಂಬ ಇತ್ತು. ಆ ಜಂಬವನ್ನು ನೆನಪಿನಲ್ಲಿಡಿ.

ನನಗೆ ಐವತ್ತು ತುಂಬುವ ಹೊತ್ತಿಗೆ ಸಂಸ್ಥೆ ಲಡಾಖಿನ ಒಂದು ಕಣಿವೆಯಲ್ಲಿ ಸಣ್ಣ ಆರೋಗ್ಯ ಕೇಂದ್ರ ನಡೆಸಲು ಒಪ್ಪಿಕೊಂಡಿತು. ಅಲ್ಲಿಯ ಯೋಜನೆಯ ಹೊಣೆ ಹೊತ್ತವರು ಡಾಕ್ಟರ್ ಇನಾಮದಾರರು. ಹುಬ್ಬಳ್ಳಿ ದೇಶಪಾಂಡೆ ನಗರದವರು, ನನಗಿಂತ ಐದಾರು ವರ್ಷ ಸಣ್ಣವರು. ಎರಡು ವರ್ಷಕ್ಕೆ ಒಬ್ಬ ಅನುಭವಿ ನರ್ಸ್ ಬೇಕೆಂದರು. ಮಗಳ ಮದುವೆಯಾಗಿತ್ತು. ನಮ್ಮ ಯಜಮಾನರು ಗರಗದ ಖಾದಿ ಕೇಂದ್ರದಲ್ಲಿ ಮೇಲ್ವಿಚಾರಕರು, ತಮ್ಮ ಅಡುಗೆ ತಾವೇ ಮಾಡಿಕೊಳ್ಳಬಲ್ಲವರು. ನಾನು ಹೂಂ ಅಂದೆ.

"ಹೋಗು. ಆದ್ರ ಅಲ್ಲಿ ಮಂದಿಗೆ ಐದಕ್ಕ ಏಳ್ರಿ ಅಂತ ಗಂಟಿ ಬಾರಿಸಬ್ಯಾಡ" ಅಂದರು ಯಜಮಾನರು.

"ನಿಮಗ ಬಾರಿಸಿದ್ದಕ್ಕ ನೀವು ಸುಧಾರಿಸೀರಿ" ಅಂದೆ.

ಸೆಪ್ಟೆಂಬರ್ ತಿಂಗಳಲ್ಲಿ ಅಲ್ಲಿಗೆ ಮುಟ್ಟಿದೆ. ಮೊದಲ ಮೂರು ದಿನ ಏನೂ ಮಾಡದೆ ಮಲಗಬೇಕು, ಗಾಳಿ ತೆಳುವಾಗಿದೆ ಎಂದು ಡಾಕ್ಟರ್ ಎರಡು ಸಲ ಹೇಳಿದ್ದರು. ಹಗಲು ಮಲಗುವುದು ನನ್ನ ಜಾಯಮಾನವಲ್ಲ. ಎರಡನೆಯ ದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಔಷಧಿಯ ಪೆಟ್ಟಿಗೆಗಳನ್ನು ಎತ್ತಿಡತೊಡಗಿದೆ. ನಾಲ್ಕನೆಯ ಪೆಟ್ಟಿಗೆಗೆ ಕಣ್ಣು ಕತ್ತಲಾಗಿ ನೆಲಕ್ಕೆ ಬಿದ್ದೆ. ಎಚ್ಚರಾದಾಗ ಕೇಂದ್ರದ ಸಹಾಯಕಿ ಯಾಂಗ್ಡೋಲ್ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಯಾಂಗ್ಡೋಲ್ ಆ ಕಣಿವೆಯವಳೇ, ನಲವತ್ತರ ಹೆಂಗಸು, ಗಟ್ಟಿ ಆಳು. ಅವಳೂ ನಾನೂ ಮಾತಾಡುತ್ತಿದ್ದುದು ಹರಕು ಹಿಂದಿಯಲ್ಲಿ. ಆದರೆ ಈಗ ನೆನಪಾಗುವಾಗ ಅವಳ ಮಾತು ನಮ್ಮೂರಿನ ಮಾತಿನಂತೆಯೇ ಕೇಳುತ್ತದೆ. ಹಾಗೇ ಬರೆಯುತ್ತೇನೆ.

"ಅಚೆ-ಲೆ, ನೀವು ಬಂದದ್ದು ನಮಗ ಔಷಧ ಕೊಡಾಕೋ, ನಮ್ಮ ಔಷಧ ಮುಗಿಸಾಕೋ?" ಎಂದು ಕೇಳಿದಳು. ಅಚೆ-ಲೆ ಎಂದರೆ ನಮ್ಮಲ್ಲಿ ಅಕ್ಕಾರ ಅಂದಂತೆ.

ಚಳಿಯ ಬಗ್ಗೆ ನಾನು ತಿಳಿದುಕೊಂಡಿದ್ದೆಲ್ಲ ತಪ್ಪಾಗಿತ್ತು. ಚಳಿ ಎಂದರೆ ಸ್ವೆಟರ್ ಹಾಕಿಕೊಳ್ಳುವ ವಿಷಯ ಎಂದುಕೊಂಡಿದ್ದೆ. ಅಲ್ಲಿ ಅದು ಪ್ರತಿ ವಸ್ತುವಿನ ಸ್ವಭಾವವನ್ನೇ ಬದಲಿಸುತ್ತದೆ. ಒಗೆದು ಹಾಕಿದ ಸೀರೆ ಅರ್ಧ ತಾಸಿನಲ್ಲಿ ಹಲಗೆಯಂತೆ ಸೆಟೆದು ನಿಂತಿತು. ಮಡಿಚಲು ಹೋದರೆ ಅಂಚಿನಲ್ಲಿ ಸೀಳಿತು. ಪೆನ್ನನ್ನು ಎದೆಯ ಹತ್ತಿರ ಇಟ್ಟುಕೊಳ್ಳದಿದ್ದರೆ ಬರೆಯುತ್ತಿರಲಿಲ್ಲ. ಸಲೈನ್ ಬಾಟಲಿಗಳಿಗೆ ಹಾಸಿಗೆಯಲ್ಲಿ ನನ್ನ ಪಕ್ಕದಲ್ಲೇ ಜಾಗ. ಊರಿನಿಂದ ಒಯ್ದಿದ್ದ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದೆ. ರೊಟ್ಟಿ ಬಡಿಯುವ ಮೊದಲೇ ಬಿರಿಯಿತು. ಮೂರು ದಿನ ಪ್ರಯತ್ನಿಸಿದೆ. ಆ ಎತ್ತರದಲ್ಲಿ ನೀರು ಕುದಿಯುವುದೇ ಕಡಿಮೆ ಬಿಸಿಗೆ, ಜೋಳ ಜಿಗುಟು ಬಿಡುವಷ್ಟು ಶಾಖ ಅದಕ್ಕಿಲ್ಲ ಎಂದು ಆಮೇಲೆ ಡಾಕ್ಟರ್ ಹೇಳಿದರು. ಕುದಿಯುವ ನೀರನ್ನೂ ನಂಬುವಂತಿಲ್ಲ ಎಂದು ಆಗಲೇ ತಿಳಿದುಕೊಳ್ಳಬೇಕಿತ್ತು.

ಕೂಸುಗಳನ್ನು ತೂಗುವ ವಿಷಯಕ್ಕೆ ಯಾಂಗ್ಡೋಲ್‌ಗೂ ನನಗೂ ಮೊದಲ ಜಗಳವಾಯಿತು. ಬಟ್ಟೆ ತೆಗೆದು ತೂಗಬೇಕು ಎಂಬುದು ನಿಯಮ. ನಾನು ಒಂದು ಕೂಸಿನ ಬಟ್ಟೆ ಬಿಚ್ಚಿಸಿದೆ. ತಕ್ಕಡಿಯ ಜೋಳಿಗೆಗೆ ಹಾಕುವುದರೊಳಗೆ ಅದರ ತುಟಿ ನೀಲಿಗಟ್ಟಿತು. ಯಾಂಗ್ಡೋಲ್ ಕೂಸನ್ನು ಕಸಿದುಕೊಂಡು ತನ್ನ ಉಣ್ಣೆಯ ನಿಲುವಂಗಿಯೊಳಗೆ ಸೇರಿಸಿಕೊಂಡಳು.

"ಬಟ್ಟೀ ಸಮೇತ ತೂಗ್ರಿ. ಆಮ್ಯಾಲೆ ಅಂಥವೇ ಬಟ್ಟೀ ಬ್ಯಾರೆ ತೂಗಿ ಕಳೀರಿ. ಸಾಲಿ ಕಲತವರು ನೀವು, ನನಗ್ಯಾಕ ಹೇಳಸ್ತೀರಿ?"

ಅವಳು ಹೇಳಿದ್ದು ಸರಿಯಿತ್ತು. ಅಂದಿನಿಂದ ಹಾಗೇ ಮಾಡಿದೆವು. ಒಂದು ನಿಯಮ ಸೋತದ್ದನ್ನು ಕಂಡೂ ಉಳಿದ ನಿಯಮಗಳನ್ನು ತಿರುಗಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಹುಡುಗಿಯರೇ, ಇದನ್ನು ಗಮನಿಸಿ. ಒಂದು ಕಡೆ ತಿದ್ದಿಕೊಂಡವರು ಎಲ್ಲ ಕಡೆ ತಿದ್ದಿಕೊಂಡಿರುತ್ತಾರೆ ಅಂತೇನಿಲ್ಲ.

ನಮ್ಮ ಕೇಂದ್ರದಿಂದ ಮೂರು ತಾಸು ನಡೆದರೆ ಮೇಲಿನ ಹಳ್ಳಿ. ಹದಿನೆಂಟು ಮನೆ. ಅಲ್ಲಿಯವರು ಹಿಂದೆ ಯಾವಾಗಲೋ ಸೂಜಿ ಹಾಕಿಸಿಕೊಂಡು ಮಕ್ಕಳಿಗೆ ಜ್ವರ ಬಂದಿತ್ತೆಂದು ಲಸಿಕೆಯನ್ನೇ ಬಿಟ್ಟಿದ್ದರು. ಯಾಂಗ್ಡೋಲ್ ಹುಟ್ಟಿದ್ದು ಅದೇ ಹಳ್ಳಿಯಲ್ಲಿ. ಅಕ್ಟೋಬರ್ ಪೂರ್ತಿ ಅವಳು ಮನೆಮನೆ ತಿರುಗಿ, ಅಜ್ಜಿಯರ ಕಾಲು ಒತ್ತಿ, ಬೆಣ್ಣೆಯ ಚಹಾ ಕುಡಿದು ಕುಡಿದು ಹನ್ನೊಂದು ಕೂಸುಗಳ ತಾಯಂದಿರನ್ನು ಒಪ್ಪಿಸಿದಳು. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು ಮೂರಕ್ಕೂ ಸೇರಿ ಒಂದೇ ಲಸಿಕೆ, ತಿಂಗಳಿಗೊಂದರಂತೆ ಮೂರು ಸಲ. ನವೆಂಬರ್, ಡಿಸೆಂಬರ್, ಜನವರಿ ಎಂದು ನಿಗದಿ ಮಾಡಿದೆವು.

ಐಸ್ ಪ್ಯಾಕ್‌ಗಳಿಗೆ ಅಲ್ಲಿ ಫ್ರೀಜರಿನ ಅಗತ್ಯವೇ ಇರಲಿಲ್ಲ. ಸಂಜೆ ನೀರು ತುಂಬಿ ಹೊರಗೆ ಕಟ್ಟೆಯ ಮೇಲಿಟ್ಟರೆ ಬೆಳಿಗ್ಗೆ ಕಲ್ಲಿನ ಹಾಗೆ ಗಟ್ಟಿ. ಕಮಲಾಬಾಯಿಯವರು ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು ಅಂದುಕೊಂಡೆ. ಲಸಿಕೆಯ ಫ್ರಿಜ್ ಇದ್ದದ್ದು ಒಲೆ ಉರಿಯುವ ಕೋಣೆಯಲ್ಲಿ, ಅಲ್ಲಿ ಏನೂ ತೊಂದರೆ ಇರಲಿಲ್ಲ. ಅಲ್ಲಿಂದ ಶೀಶೆಗಳನ್ನು ತೆಗೆದು, ನಾಲ್ಕು ಐಸ್ ಪ್ಯಾಕ್‌ಗಳ ನಡುವೆ ಇಟ್ಟು, ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಮೂರು ತಾಸು ನಡೆದು ಹೋಗುತ್ತಿದ್ದೆ.

"ಅಚೆ-ಲೆ, ಬರ್ಫದಾಗ ಬರ್ಫ ಯಾಕ ಒಯ್ಯಾಕತ್ತೀರಿ?" ಎಂದು ಯಾಂಗ್ಡೋಲ್ ಮೊದಲ ಸಲವೇ ಕೇಳಿದ್ದಳು.

"ನಿಯಮ ಐತಿ" ಅಂದೆ.

"ನಾವು ಒಂದು ತತ್ತಿ ಒಯ್ಯೂದಿದ್ರೂ ಅಂಗಿಯೊಳಗ ಇಟ್ಕೊಂಡು ಒಯ್ತೇವಿ."

"ಇದು ತತ್ತಿ ಅಲ್ಲ, ಲಸಿಕಿ" ಅಂದೆ. ಈ ಉತ್ತರವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಜನವರಿಯ ಮೂರನೆಯ ಸಲ ಹನ್ನೊಂದೂ ಕೂಸುಗಳು ಬಂದವು. ಲಸಿಕೆ ಹಾಕುತ್ತಿದ್ದುದು ಲ್ಹಾಮೋ ಎಂಬ ಹೆಂಗಸಿನ ಅಡುಗೆಮನೆಯಲ್ಲಿ, ಆ ಹಳ್ಳಿಯಲ್ಲಿ ದೊಡ್ಡ ಒಲೆ ಇದ್ದದ್ದು ಅಲ್ಲೇ. ಶೀಶೆಗಳನ್ನು ಹೊರತೆಗೆದಿಟ್ಟು, ಚಹಾ ಕುಡಿದು, ಸೂಜಿ ಹಿಡಿಯುವಷ್ಟರಲ್ಲಿ ಅವುಗಳೊಳಗೆ ಹಾಲಿನಂಥ ನೀರೇ ಇರುತ್ತಿತ್ತು. ಲ್ಹಾಮೋ ಬೇಸಿಗೆಯಲ್ಲಿ ಲೇಹ್ ಪೇಟೆಗೆ ಹೋಗಿ ಕೆಲಸ ಮಾಡಿದವಳು, ಹಿಂದಿ ಚೆನ್ನಾಗಿ ಬರುತ್ತಿತ್ತು. ಅವಳ ಕೂಸಿಗೆ ಐದು ತಿಂಗಳು. ಸೂಜಿ ಹಾಕಿ ಆದ ಮೇಲೆ ಅವಳು ಕೇಳಿದಳು:

"ಅಚೆ-ಲೆ, ಮುಂದಿನ ವಾರ ನಮ್ಮ ತಮ್ಮನ ಲಗ್ನ. ಆ ಊರಾಗ ಕೂಸುಗಳಿಗೆ ನಾಯಿಕೆಮ್ಮು ಬಂದೈತಿ ಅಂತಾರ. ನಾ ಹೋಗಲ್ಯೋ ಬ್ಯಾಡೋ?"

ಅವರ ತಾಯಿ ತೀರಿಹೋಗಿದ್ದರು. ತಮ್ಮನಿಗೆ ಇವಳೊಬ್ಬಳೇ ಅಕ್ಕ. ಸೊಸೆಯನ್ನು ಮನೆಯೊಳಗೆ ಕರೆದುಕೊಳ್ಳಬೇಕಾದವಳು ಇವಳೇ. ಮೊಲೆ ಕುಡಿಯುವ ಕೂಸನ್ನು ಬಿಟ್ಟು ಹೋಗುವಂತಿಲ್ಲ.

"ಬೇಶಕ್ ಹೋಗು. ಮೂರೂ ಸೂಜಿ ಆಗ್ಯಾವ, ಇನ್ನ ಹೆದರಿಕಿ ಇಲ್ಲ" ಅಂದೆ. ಅವಳು ನಕ್ಕಳು. ಟ್ರಂಕಿನಿಂದ ಲಗ್ನಕ್ಕೆ ತೆಗೆದಿಟ್ಟಿದ್ದ ಹೊಸ ಶಾಲು ತಂದು ನಮಗೆ ತೋರಿಸಿದಳು.

ಮಧ್ಯಾಹ್ನ ಮೂರಕ್ಕೆ ಕೇಂದ್ರಕ್ಕೆ ಮರಳಿ ಡಬ್ಬಿ ತೆರೆದೆ. ದೊಡ್ಡ ಮಕ್ಕಳು ಸಿಕ್ಕರೆ ಇರಲಿ ಎಂದು ಒಯ್ದಿದ್ದ ದಡಾರದ ಲಸಿಕೆಯ ಪುಡಿಗೆ ಬೆರೆಸುವ ನೀರಿನ ಸಣ್ಣ ಗಾಜಿನ ಶೀಶೆ ಒಂದು ಒಡೆದಿತ್ತು. ಗಾಜು ಎರಡು ಹೋಳಾಗಿ ಬಿದ್ದಿತ್ತು, ನಡುವೆ ನೀರು ಹಾಗೇ ಶೀಶೆಯ ಆಕಾರದಲ್ಲಿ ಬರ್ಫವಾಗಿ ನಿಂತಿತ್ತು. ನಾನು ಅದನ್ನು ಬೆರಳಲ್ಲಿ ಎತ್ತಿ ಹಿಡಿದೆ. ಆ ನೀರು ಹೆಪ್ಪುಗಟ್ಟಿದ್ದರೆ, ಅದರ ಪಕ್ಕದಲ್ಲಿ ಮೂರು ತಾಸು ಕೂತಿದ್ದ ಲಸಿಕೆ?

ಈ ಲಸಿಕೆಗೆ ಬಿಸಿಯೂ ಆಗದು, ಹೆಪ್ಪೂ ಆಗದು. ಹೆಪ್ಪುಗಟ್ಟಿ ಕರಗಿದ ಲಸಿಕೆ ನೋಡಲು ಮೊದಲಿನ ಹಾಗೇ ಇರುತ್ತದೆ. ಶೀಶೆಯ ಮೇಲೆ ಬಣ್ಣ ಬದಲಿಸುವ ಒಂದು ಗುರುತು ಇರುತ್ತದೆ, ಅದು ಬಿಸಿ ತಾಗಿದ್ದನ್ನಷ್ಟೇ ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಸೂಜಿ ಹಾಕಿದರೆ ಮಗುವಿಗೆ ದೊಡ್ಡ ಅಪಾಯವೇನಿಲ್ಲ. ಆದರೆ ರಕ್ಷಣೆ ಸಿಕ್ಕಿತೆಂದು ನಂಬುವಂತಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಮೂವತ್ತು ವರ್ಷ ಹಿಂದೆ ಪರೀಕ್ಷೆಗೆ ಓದಿ ನಂಬರು ತೆಗೆದುಕೊಂಡಿದ್ದೆ. ಗೊತ್ತಿದ್ದದ್ದು ಕೈಗೆ ಇಳಿದಿರಲಿಲ್ಲ. ನನ್ನ ಕೈ ಬಿಸಿಲಿನ ಸೀಮೆಯದು.

ಮರುದಿನ ಬೆಳಿಗ್ಗೆ ಪುಸ್ತಕದಲ್ಲಿರುವ ಪರೀಕ್ಷೆ ಮಾಡಿದೆ. ಡಬ್ಬಿಯಿಂದ ವಾಪಸು ಬಂದ ಒಂದು ಶೀಶೆ, ಫ್ರಿಜ್ ಬಿಟ್ಟು ಹೊರಗೆ ಹೋಗದೇ ಇದ್ದ ಒಂದು ಶೀಶೆ, ಬೇಕೆಂದೇ ಕಟ್ಟೆಯ ಮೇಲಿಟ್ಟು ಹೆಪ್ಪುಗಟ್ಟಿಸಿ ಕರಗಿಸಿದ ಒಂದು ಶೀಶೆ. ಮೂರನ್ನೂ ಒಟ್ಟಿಗೆ ಜೋರಾಗಿ ಅಲ್ಲಾಡಿಸಿ ಕಿಟಕಿಯ ಬೆಳಕಿಗೆ ಸಾಲಾಗಿ ಇಟ್ಟು ಅರ್ಧ ತಾಸು ನೋಡುತ್ತ ಕೂತೆ. ಫ್ರಿಜ್ಜಿನ ಶೀಶೆ ಹಾಲಿನಂತೆ ಮಬ್ಬಾಗಿಯೇ ಇತ್ತು. ಹೆಪ್ಪುಗಟ್ಟಿಸಿದ್ದರಲ್ಲಿ ಬಿಳಿಯ ಗಷ್ಟು ತಳಕ್ಕಿಳಿದು ಮೇಲೆ ತಿಳಿನೀರು ಉಳಿಯಿತು. ಡಬ್ಬಿಯ ಶೀಶೆಯಲ್ಲೂ ಅದರ ಜೊತೆಜೊತೆಗೇ ಗಷ್ಟು ಇಳಿಯಿತು. ಡಿಸೆಂಬರಿನಲ್ಲಿ ವಾಪಸು ಬಂದು ಉಳಿದಿದ್ದ ಶೀಶೆಯನ್ನೂ ಪರೀಕ್ಷಿಸಿದೆ. ಅದೂ ಹಾಗೇ.

ಯಾಂಗ್ಡೋಲ್ ನನ್ನ ಹಿಂದೆ ನಿಂತು ನೋಡುತ್ತಿದ್ದಳು. ಅವಳಿಗೆ ವಿವರಿಸಬೇಕಾಗಲಿಲ್ಲ.

"ಮೂರೂ ಸಲದ್ದಾ?" ಎಂದು ಕೇಳಿದಳು.

"ಮೂರೂ ಸಲದ್ದು."

ಅವಳು ಹೊರಗೆ ಹೋಗಿ ಕಟ್ಟೆಯ ಮೇಲಿದ್ದ ಐಸ್ ಪ್ಯಾಕ್‌ಗಳನ್ನು ಒಂದೊಂದಾಗಿ ತೆಗೆದು ಒಲೆಯ ಪಕ್ಕ ತಂದಿಟ್ಟಳು.

ಕೆಳಗಿನ ತಾಲ್ಲೂಕು ಊರಿನಲ್ಲಿದ್ದ ಡಾಕ್ಟರ್ ಇನಾಮದಾರರಿಗೆ ಊರ ಮುಖಂಡರ ಮನೆಯ ಉಪಗ್ರಹ ಫೋನಿನಿಂದ ಮಾತಾಡಿದೆ. ಎಲ್ಲ ಹೇಳಿದೆ.

"ಸಿಸ್ಟರ್, ನೀವು ಇದನ್ನ ಯಾರ ಮುಂದ ಹೇಳೀರಿ?"

"ಯಾಂಗ್ಡೋಲಗ ಗೊತ್ತೈತ್ರಿ. ನಾಳೆ ಮ್ಯಾಲಿನ ಹಳ್ಳಿಗೆ ಹೋಗಿ ಹೇಳಬೇಕಂತ ಮಾಡೇನ್ರಿ."

"ತಡೀರಿ, ತಡೀರಿ. ಅವಸರ ಮಾಡಬ್ಯಾಡ್ರಿ. ಎಷ್ಟೋ ವರ್ಷಕ್ಕ ಆ ಮಂದಿ ಬಾಗಲಾ ತಗದಾರ. ತಪ್ಪಾಗೇದ ಅಂತ ನೀವ ಹೋಗಿ ಹೇಳಿದ್ರ ಮತ್ತ ಒಬ್ಬರೂ ಬರೂದಿಲ್ಲ. ಹೌದಲ್ಲೋ?"

"ಬರಲಿಕ್ಕಿಲ್ರಿ."

"ಮತ್ತ? ಫೆಬ್ರವರಿಂದ ಮೂರು ತಿಂಗಳು ಹೊಸಾ ಸೂಜಿ ಕೊಡೋಣ. ಬಲಾ ಬರ್ಲಿಕ್ಕೆ ಇನ್ನೂ ಮೂರು ಬೇಕಂತ ಹೇಳ್ರಿ, ಮುಗೀತು. ಕೂಸುಗಳಿಗೆ ಬೇಕಾದ್ದು ಸಿಗತದ, ಅವರ ವಿಶ್ವಾಸಾನೂ ಉಳೀತದ."

"ಲ್ಹಾಮೋ ಲಗ್ನಕ್ಕ ಹೊಂಟಾಳ್ರಿ ಸಾಹೇಬ್ರ. ಅಲ್ಲಿ ನಾಯಿಕೆಮ್ಮು ಐತಿ. ಹೋಗು ಅಂತ ನಾನ ಹೇಳೇನಿ."

"ಅಕಿಗೆ ಬ್ಯಾರೆ ಏನರೆ ನೆವಾ ಹೇಳ್ರಿ. ಕೂಸಿನ ಎದಿ ಬಿಗದದ, ಥಂಡ್ಯಾಗ ಒಯ್ಯಬ್ಯಾಡ ಅಂತ ಹೇಳ್ರಿ. ನಿಲ್ತಾಳ."

ಡಾಕ್ಟರ್ ಕೆಟ್ಟ ಮನುಷ್ಯರಲ್ಲ. ಅವರ ಮಾತಿಗೆ ತೂಕವಿತ್ತು. ಹನ್ನೊಂದು ಕೂಸುಗಳ ಮುಂದೆ ನನ್ನೊಬ್ಬಳ ಪ್ರಾಮಾಣಿಕತೆ ದೊಡ್ಡದಲ್ಲ ಎಂಬುದು ಅವರ ಲೆಕ್ಕ. ನನಗೂ ಒಂದು ಗಳಿಗೆ ಹಗುರಾಯಿತು. ಸುಳ್ಳು ಹೇಳಲು ಮೇಲಿನವರ ಅಪ್ಪಣೆಯೇ ಸಿಕ್ಕಿತ್ತಲ್ಲ. ಫೋನ್ ಇಟ್ಟು ಕೇಂದ್ರಕ್ಕೆ ಬಂದು ರಜಿಸ್ಟರ್ ತೆರೆದೆ. ಹನ್ನೊಂದು ಹೆಸರು, ಎದುರಿಗೆ ಮೂರು ಮೂರು ತಾರೀಖು, ನನ್ನದೇ ದುಂಡಗಿನ ಅಕ್ಷರ. ಮತ್ತೆ ಕೊಡುವ ಮೊದಲ ಸೂಜಿಯನ್ನು ನಾಲ್ಕನೆಯದು ಎಂದು ಬರೆಯಬೇಕು. ಮುಂದೆ ಬರುವ ನರ್ಸ್ ಅದನ್ನು ನಂಬಬೇಕು. ಲ್ಹಾಮೋಗೆ ಒಂದು ನೆವ ಹೇಳಬಹುದು. ಉಳಿದ ಹತ್ತು ತಾಯಂದಿರು ಎಲ್ಲೆಲ್ಲಿಗೆ ಹೋಗುತ್ತಾರೆ, ಯಾರ ಮನೆಯಲ್ಲಿ ಯಾವ ಕೆಮ್ಮಿದೆ ಎಂದು ನಾನು ಕಾಯುತ್ತ ಕೂಡಲಾಗುವುದಿಲ್ಲ. ಮೂರು ತಿಂಗಳು ಅವರು ಇಲ್ಲದ ಕೊಡೆಯ ಕೆಳಗೆ ನಿಂತಿರುತ್ತಾರೆ.

ಮೂರೂ ತಾರೀಖುಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ "ಸಾಗಣೆಯಲ್ಲಿ ಹೆಪ್ಪುಗಟ್ಟಿದೆ. ನನ್ನ ತಪ್ಪು" ಎಂದು ಬರೆದು ಸಹಿ ಮಾಡಿದೆ.

ಮರುದಿನ ಹೊರಟಾಗ ಯಾಂಗ್ಡೋಲ್ ಅರ್ಧ ದಾರಿಯವರೆಗೆ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ನದಿ ದಾಟುವ ಕಡೆ ನಿಂತಳು.

"ನಿಮ್ಮ ಮಾತು ಅಜ್ಜಿಗೋಳಿಗೆ ನಮ್ಮ ಭಾಷಾದಾಗ ನಾ ಹೇಳಾಂಗಿಲ್ಲ. ಖರೇನ ಹೇಳಾಕತ್ತೇನಿ."

"ಯಾಕ?"

"ನೀವು ಎರಡು ವರ್ಷಕ್ಕ ಬಂದವರು. ಹೋಗ್ತೀರಿ. ಆ ಊರು ನನ್ನ ತೌರಮನಿ. ಈ ಸೂಜಿ ಛಲೋ ಐತಿ ಅಂತ ಅವರ ಕೈ ಹಿಡದು ಹೇಳಿದಾಕಿ ನೀವಲ್ಲ, ನಾನು. ಬೈಗುಳಾ ನಿಮಗ ಬೀಳ್ತಾವು, ಬಾಗಲಾ ನನಗ ಮುಚ್ಚತಾವು."

ನನ್ನ ತಪ್ಪಿನ ಭಾರ ನಾನೊಬ್ಬಳೇ ಹೊರುತ್ತೇನೆ ಎಂದುಕೊಂಡು ಹೊರಟಿದ್ದೆ. ಅರ್ಧಕ್ಕಿಂತ ಹೆಚ್ಚು ಅವಳ ಹೆಗಲ ಮೇಲಿತ್ತು.

"ಬರ್ಫದಾಗ ಬರ್ಫ ಯಾಕ ಅಂತ ನೀ ಕೇಳಿದ್ದಿ. ನಾ ಕೇಳಲಿಲ್ಲ. ಅದನ್ನೂ ಹೇಳತೇನಿ" ಅಂದೆ.

"ಅದನ್ನ ಹೇಳಿದ್ರ ನನ್ನ ಮ್ಯಾಲೆ ಇನ್ನೂ ಬೀಳ್ತಾರ. ಗೊತ್ತಿದ್ದೂ ಸುಮ್ಮನಿದ್ದೆಲಾ ಅಂತಾರ" ಅಂದಳು. ಆಮೇಲೆ ಮೂಗು ಒರೆಸಿಕೊಂಡು, "ನಡೀರಿ. ನಿಂತ್ರ ಕಾಲು ಸೆಡೀತಾವು" ಎಂದು ಮುಂದೆ ನಡೆದಳು.

ಲ್ಹಾಮೋಳ ಅಡುಗೆಮನೆಯಲ್ಲಿ ಹನ್ನೊಂದು ತಾಯಂದಿರೂ ಐದಾರು ಅಜ್ಜಿಯರೂ ಸೇರಿದರು. ನಾನು ನಿಂತುಕೊಂಡೇ ಹೇಳಿದೆ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿದೆ. ಔಷಧಿ ದಾರಿಯಲ್ಲಿ ಹೆಪ್ಪುಗಟ್ಟಿತು. ಡಬ್ಬಿ ಕಟ್ಟಿದವಳು ನಾನು. ಮಕ್ಕಳಿಗೆ ಅದರಿಂದ ಅಪಾಯವಿಲ್ಲ. ಆದರೆ ಸೂಜಿ ಆಗಿದೆ ಎಂದು ತಿಳಿಯಬೇಡಿ, ಆಗಿಲ್ಲ. ಮೊದಲಿನಿಂದ ಮೂರು ಸಲ ಹಾಕಬೇಕು. ಹೇಳುವುದಿಲ್ಲ ಎಂದಿದ್ದ ಯಾಂಗ್ಡೋಲ್ ಒಂದೊಂದು ವಾಕ್ಯವನ್ನೂ ಅವರ ಭಾಷೆಗೆ ತಿರುಗಿಸಿದಳು. ಅವಳ ದನಿ ನನ್ನದಕ್ಕಿಂತ ಗಟ್ಟಿಯಾಗಿತ್ತು.

ಬೈಗುಳ ಬೀಳಲಿಲ್ಲ. ಬಿದ್ದಿದ್ದರೆ ಹಗುರಾಗುತ್ತಿತ್ತು. ಒಬ್ಬ ಅಜ್ಜಿ ಏನೋ ಕೇಳಿದರು.

"ಮೂರು ಸಲ ಕೂಸು ಅತ್ತದ್ದು ದಂಡ ಆತೇನು ಅಂತ ಕೇಳಾಕತ್ತಾರ" ಅಂದಳು ಯಾಂಗ್ಡೋಲ್.

"ಹೌದು ಅಂತ ಹೇಳು" ಅಂದೆ.

ಹೆಂಗಸರು ಎದ್ದು ಒಬ್ಬೊಬ್ಬರಾಗಿ ಹೋದರು. ಚಹಾ ಕೊಡದೆ ಆ ಮನೆಯಿಂದ ಯಾರನ್ನೂ ಕಳಿಸಿದ್ದನ್ನು ನಾನು ನೋಡಿರಲಿಲ್ಲ. ಆ ದಿನ ನಮಗೆ ಚಹಾ ಬರಲಿಲ್ಲ. ಲ್ಹಾಮೋ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಒಲೆಯ ಮುಂದೆ ಕೂತಿದ್ದಳು.

"ಹಂಗಾರ ನಾ ಹೋಗೂದು ಬ್ಯಾಡ" ಅಂದಳು.

"ಬ್ಯಾಡ."

"ನಿನ್ನೆ ಮೊನ್ನೆ ಹೋಗು ಅಂದ್ರಿ."

"ಅಂದಿದ್ದೆ."

ಅವಳು ಒಲೆಗೆ ಇನ್ನೊಂದು ಬೆರಣಿ ಹಾಕಿದಳು. ಅವಳ ಗಂಡ ಒಬ್ಬನೇ ಲಗ್ನಕ್ಕೆ ಹೋದ.

ಫೆಬ್ರವರಿಯ ಸೂಜಿಗೆ ಪೂರ್ತಿ ಒಂದು ತಿಂಗಳೂ ಉಳಿದಿರಲಿಲ್ಲ, ಕೆಲಸ ಬಹಳವಿತ್ತು. ಒಲೆಯ ಇಂಧನ ಕಡಿಮೆಯಾಗಿ ಕೇಂದ್ರದ ಕೋಣೆಯೂ ಆರತೊಡಗಿತ್ತು, ಫ್ರಿಜ್ಜಿನ ಮೇಲೂ ಭರವಸೆ ಇರಲಿಲ್ಲ. ಹೊಸ ಲಸಿಕೆ ಎಲ್ಲಿಡುವುದು ಎಂದು ನಾನು ಕಾಗದದ ಮೇಲೆ ಬರೆದು ತಲೆ ಕೆಡಿಸಿಕೊಂಡಿದ್ದಾಗ ಯಾಂಗ್ಡೋಲ್ ನನ್ನ ಕೈ ಹಿಡಿದು ತನ್ನ ಮನೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಆಳೆತ್ತರದ ಒಂದು ಕುಣಿ, ಮೇಲೆ ಹಲಗೆ, ಹುಲ್ಲು, ಮಣ್ಣು. ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುವ ಹಗೆಯ ಹಾಗೆ. ಚಳಿಗಾಲಕ್ಕೆ ಬಟಾಟೆ, ಮೂಲಂಗಿ ಹೆಪ್ಪುಗಟ್ಟದಂತೆ ಅದರಲ್ಲಿಡುತ್ತಾರೆ.

"ಬಟಾಟಿಗೆ ಬುದ್ಧಿ ಐತಿ, ಇಲ್ಲಿ ಇರ್ತಾವು" ಅಂದಳು.

ಥರ್ಮಾಮೀಟರ್ ಇಳಿಬಿಟ್ಟೆ. ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ, ಆರು ದಿನ ಬರೆದುಕೊಂಡೆ. ನಾಲ್ಕು, ನಾಲ್ಕು, ಐದು, ನಾಲ್ಕು. ಲಸಿಕೆಗೆ ಬೇಕಾದದ್ದು ಎರಡರಿಂದ ಎಂಟು ಡಿಗ್ರಿ. ಯಾವ ಕಂಪನಿಯ ಫ್ರಿಜ್ಜೂ ನನ್ನ ಮೂವತ್ತು ವರ್ಷದಲ್ಲಿ ಅಷ್ಟು ನಿಯತ್ತಿನಿಂದ ನಡೆದುಕೊಂಡಿರಲಿಲ್ಲ. ಹೊಸ ಲಸಿಕೆ ಬಟಾಟೆಯ ಪಕ್ಕದಲ್ಲಿ ಕೂತಿತು. ಒಯ್ಯುವ ಡಬ್ಬಿಯಲ್ಲಿ ಐಸ್ ಪ್ಯಾಕಿನ ಬದಲು ಅದೇ ಪ್ಯಾಕ್‌ಗಳಿಗೆ ಸಾದಾ ನೀರು ತುಂಬಿ ಇಟ್ಟೆವು. ಡಬ್ಬಿಯನ್ನು ಯಾಂಗ್ಡೋಲ್ ತನ್ನ ನಿಲುವಂಗಿಯೊಳಗೆ ಕಟ್ಟಿಕೊಂಡಳು. ಹೊಟ್ಟೆ ಮುಂದೆ ಬಂದದ್ದನ್ನು ನೋಡಿ, "ಎಂಟು ತಿಂಗಳು" ಎಂದು ನಕ್ಕಳು. ಜನವರಿಯ ನಂತರ ಅವಳು ನಕ್ಕದ್ದು ಅದೇ ಮೊದಲು.

ಲಗ್ನದ ಊರಿನಿಂದ ಸುದ್ದಿಯೂ ಬಂತು. ಲಗ್ನಕ್ಕೆ ಹೋದ ಯಾವ ಕೂಸಿಗೂ ಕೆಮ್ಮು ತಗಲಲಿಲ್ಲ. ಡಾಕ್ಟರ್ ಫೋನಿನಲ್ಲಿ, "ನೋಡ್ರಿ ಸಿಸ್ಟರ್, ಸುಮ್ಮನಿದ್ದಿದ್ರ ನಡೀತಿತ್ತು" ಅಂದರು. ಬೈದು ಹೇಳಿದ್ದಲ್ಲ, ಬೇಸರದಿಂದ ಹೇಳಿದ್ದು. ನಾನು ಹೂಂ ಅಂದೆ. ಸತ್ಯ ಹೇಳಿದ್ದರಿಂದ ಒಂದು ಕೂಸು ಉಳಿಯಿತು ಎಂದು ನಿಮಗೆ ಹೇಳಬಹುದಿತ್ತು. ಉಳಿದದ್ದು ಕಾಣಿಸಲಿಲ್ಲ. ಕಂಡದ್ದು ಇಷ್ಟೇ: ಒಬ್ಬ ಅಕ್ಕ ತನ್ನ ಒಬ್ಬನೇ ತಮ್ಮನ ಲಗ್ನಕ್ಕೆ ಹೋಗಲಿಲ್ಲ.

ಫೆಬ್ರವರಿಯ ಆ ದಿನ ನಾವು ಹತ್ತು ಗಂಟೆಗೆ ಮೇಲಿನ ಹಳ್ಳಿ ಮುಟ್ಟಿದೆವು. ಲ್ಹಾಮೋಳ ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಯಾಂಗ್ಡೋಲಳ ಚಿಕ್ಕಪ್ಪನ ಮನೆಯ ಸಣ್ಣ ಕೋಣೆಯಲ್ಲಿ ಕೂತೆವು. ಅವರು ಬಾಗಿಲು ತೆರೆದರು, ಒಲೆ ಹೊತ್ತಿಸಿದರು, ನಮ್ಮ ಜೊತೆ ಮಾತಾಡಲಿಲ್ಲ. ಹತ್ತರಿಂದ ಎರಡು ನಮ್ಮ ಸಮಯ. ಹನ್ನೊಂದಾಯಿತು, ಹನ್ನೆರಡಾಯಿತು. ಯಾರೂ ಬರಲಿಲ್ಲ. ನಾನು ಶೀಶೆಗಳನ್ನು ಎಣಿಸಿದೆ, ಹತ್ತಿ ಮಡಿಚಿದೆ, ಮತ್ತೆ ಎಣಿಸಿದೆ.

"ಎರಡಕ್ಕ ಹೊಂಡೂಣು" ಅಂದಳು ಯಾಂಗ್ಡೋಲ್.

"ಎರಡಕ್ಕ" ಅಂದೆ.

ಒಂದೂವರೆಗೆ ಬಾಗಿಲಲ್ಲಿ ಬೆಳಕು ಮರೆಯಾಯಿತು. ಲ್ಹಾಮೋ ಒಳಗೆ ಬಂದು, ನಮಸ್ಕಾರದ ಮಾತು ಆಡದೆ, ನನ್ನ ಎದುರಿಗೆ ಕೂತಳು. ಕೂಸು ಉಣ್ಣೆಯ ಮೂಟೆಯಾಗಿ ಮಡಿಲಲ್ಲಿತ್ತು. ಅವಳ ಹಿಂದೆ ಹೊಸ್ತಿಲಾಚೆ ಇನ್ನೂ ಮೂರು ನಾಲ್ಕು ಹೆಂಗಸರು ನಿಂತಿದ್ದರು. ಒಳಗೂ ಬರಲಿಲ್ಲ, ಹೋಗಲೂ ಇಲ್ಲ.

"ಲಗ್ನದಾಗ ಯಾರಿಗೂ ಕೆಮ್ಮು ಬರಲಿಲ್ಲ" ಅಂದಳು ಲ್ಹಾಮೋ.

"ಕೇಳಿದೆ."

"ನಾ ಹೋಗಬಹುದಿತ್ತು."

"ಹೋಗಬಹುದಿತ್ತು."

"ನೀವು ಸುಮ್ಮನಿದ್ದಿದ್ರ ಹೋಗಿರ್ತಿದ್ದೆ."

"ಹೌದು" ಅಂದೆ.

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಉಣ್ಣೆಯ ಬಟ್ಟೆಯನ್ನು ಒಂದೊಂದು ಸುತ್ತಾಗಿ ಸಡಿಲಿಸಿ ಕೂಸಿನ ಎಡತೊಡೆಯನ್ನು ಮಾತ್ರ ಹೊರಗೆ ತೆಗೆದಳು. ನಾನು ಹತ್ತಿ ಹಿಡಿದು ತೊಡೆ ಮುಟ್ಟಿದೆ. ಕೂಸು ಬೆಚ್ಚಿತು.

"ಕೈ ತಣ್ಣಗ ಅದಾವ ನಿಮ್ಮವು" ಅಂದಳು ಲ್ಹಾಮೋ. "ಮೊದಲ ಕಾಸಿಕೊಳ್ರಿ."

ನಾನು ಎರಡೂ ಕೈ ಒಲೆಗೆ ಹಿಡಿದೆ. ಅವಳು ಕೂಸಿನ ತೊಡೆಯ ಮೇಲೆ ತನ್ನ ಅಂಗೈ ಮುಚ್ಚಿಕೊಂಡು ಕಾಯುತ್ತ ಕೂತಳು.